ಶಂಶುದ್ದೀನ್ ಸಾಬರು ಗ್ಯಾಸು ನೋಡುತ್ತಿದ್ದ ಕಾಲ

ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ, ಬಸ್ಸುಗಳು ಬೆನ್ನಿಗೆ ಇದ್ದಿಲಿನ ಡ್ರಮ್ಮು ಕಟ್ಟಿಕೊಂಡು ಅದರ ಗ್ಯಾಸಿನಿಂದಲೇ ಏದುಸಿರು ಬಿಡುತ್ತ ಏರು ಹತ್ತುತ್ತಿದ್ದ ಕಾಲ ಅದು. ಬಣಕಲ್ಲಿನಿಂದ ಮೂಡಿಗೆರೆಯ ಮೇಲೆ ಚಿಕ್ಕಮಗಳೂರಿಗೆ ಹೋಗುವ ಬಸ್ಸಿನ ಸ್ಟೇರಿಂಗು ಶಂಶುದ್ದೀನ್ ಸಾಬರ ಕೈಯಲ್ಲಿತ್ತು. ಬಸ್ಸು ಸಾಹುಕಾರ್ ಶಾಂತವೀರಪ್ಪನವರದು. ಆದರೆ ಊರಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ. 'ಸಾಬ್ರ ಬಸ್ಸು ಬಂತಾ, ಸಾಬ್ರ ಬಸ್ಸು ಹೋಯ್ತಾ' ಎಂದೇ ಕೇಳುತ್ತಿದ್ದರು. ಇದು ಶಾಂತವೀರಪ್ಪನವರಿಗೆ ಒಳಗೊಳಗೇ ಉರಿಯುತ್ತಿತ್ತು, ಸಾಬರಿಗೆ ಒಳಗೊಳಗೇ ಹಿತವಾಗಿತ್ತು.

ಸಾಬರ ತಂದೆ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುವವರು. ಮಗ ಮಾತ್ರ ಎಸ್ಟೇಟಿನ ದೊರೆಯೊಬ್ಬನ ಕಾರು ತೊಳೆಯಲು ಸೇರಿಕೊಂಡು, ತೊಳೆಯುತ್ತ ತೊಳೆಯುತ್ತಲೇ ಓಡಿಸುವುದನ್ನೂ ಕಲಿತುಬಿಟ್ಟರು. ಆಮೇಲೆ ಲಾರಿ, ಆಮೇಲೆ ಬಸ್ಸು. ಬಿಳಿ ಅಂಗಿ, ಕಪ್ಪು ಟೋಪಿ, ಎಣ್ಣೆ ಹಚ್ಚಿ ತೀಡಿದ ಮೀಸೆ. ಒಳ್ಳೆಯ ಮನುಷ್ಯ. ಜಂಬ ಒಂದು ತೂಕ ಹೆಚ್ಚು, ಅಷ್ಟೆ. ತನಗೇ ಆಗಲಿ, ತನ್ನ ಗಾಡಿಗೇ ಆಗಲಿ ಏನಾದರೂ ಊನವಿದೆ ಎಂದು ಅವರು ಹುಟ್ಟಿದಂದಿನಿಂದ ಒಪ್ಪಿಕೊಂಡವರಲ್ಲ. ಬಸ್ಸು ಕೆಟ್ಟು ನಿಂತರೆ ರಸ್ತೆಯನ್ನು ಬೈಯುವರು.

ಇಂಥವರಿಗೆ ದೇವರು ಕೊಟ್ಟ ಕಾಯಿಲೆಯೋ, ಯಾರ ಎದುರಿಗೂ ಬಾಯಿಬಿಟ್ಟು ಹೇಳಿಕೊಳ್ಳುವಂಥದ್ದಲ್ಲ. ಮೂತ್ರ ಕಟ್ಟತೊಡಗಿತು. ಬಸ್ಸು ಒಂದು ಗುಂಡಿಗೆ ಇಳಿದರೆ ಕಿಬ್ಬೊಟ್ಟೆಯಲ್ಲಿ ಚೂರಿ ಆಡಿಸಿದಂತೆ ನೋವು. ಈಗಲೇ ಹೋಗಬೇಕು ಎಂಬ ಅವಸರ. ಹೋಗಿ ನಿಂತರೆ ಎರಡು ಹನಿ ಬಂದು ಫಕ್ಕನೆ ನಿಂತೇ ಹೋಗುವುದು. ನಮ್ಮ ರಸ್ತೆಗಳ ಗುಂಡಿಗಳು ನಿಮಗೆ ಗೊತ್ತಲ್ಲ, ಸಾಬರ ಪಾಡನ್ನು ನೀವೇ ಊಹಿಸಿಕೊಳ್ಳಿ.

ಆದರೆ ಸಾಬರು ಸಾಮಾನ್ಯರೇ? ಉಪಾಯ ಸಿಕ್ಕಿತು. ಇದ್ದಿಲು ಬಸ್ಸಿನ ಡ್ರಮ್ಮನ್ನು ಆಗಾಗ ಕೆದಕಬೇಕು, ಇಲ್ಲದಿದ್ದರೆ ಗ್ಯಾಸು ಏಳುವುದಿಲ್ಲ. ಅದು ಕಂಡಕ್ಟರ್ ಕೃಷ್ಣಪ್ಪನ ಕೆಲಸ. ಒಂದು ದಿನ ಸಾಬರು ಅವನ ಕೈಯಿಂದ ಸಲಾಕೆ ಕಿತ್ತುಕೊಂಡರು.

"ನಿನಗೆಂತ ಗೊತ್ತಾಗ್ತದೆ ಮಾರಾಯ? ನನ್ನ ಗಾಡಿ ಹೊಟ್ಟೆ ನಾನೇ ನೋಡ್ಬೇಕು. ನೀನು ಗಾಳಿಯಂತ್ರ ತಿರುಗಿಸು."

ಅಂದಿನಿಂದ ಅವಸರವಾದಾಗಲೆಲ್ಲ ಬಸ್ಸು ನಿಲ್ಲುವುದು, "ಗ್ಯಾಸು ನೋಡ್ಬೇಕು" ಎಂದು ಸಾಬರು ಇಳಿಯುವುದು, ಡ್ರಮ್ಮಿಗೆ ಸಲಾಕೆಯಿಂದ ಎರಡು ತಿವಿದು ಅದರ ಮರೆಯಲ್ಲೇ ಪೊದೆಯ ಕಡೆ ತಿರುಗಿ ನಿಲ್ಲುವುದು. ಕೃಷ್ಣಪ್ಪ ಬೆಂಕಿ ಊದುವ ಗಾಳಿಯಂತ್ರ ಗರಗರ ತಿರುಗಿಸುತ್ತಿದ್ದರೆ ಆ ಸದ್ದಿಗೆ ಹೇಗೋ ಏನೋ ನಾಲ್ಕು ಹನಿ ಹೆಚ್ಚು ಬರುತ್ತಿತ್ತು. ಪ್ರಯಾಣಿಕರೂ ಇಳಿದು ಅಲ್ಲಿ ಇಲ್ಲಿ ಅಡ್ಡಾಡಿ ಬಂದು ಕೂರುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ತನ್ನ ಗುಟ್ಟು ಡ್ರಮ್ಮಿನಷ್ಟೇ ಭದ್ರವಾಗಿದೆ ಎಂದು ಸಾಬರು ನಂಬಿದ್ದರು.

ಕೇಳಿದವರು ಶಾಂತವೀರಪ್ಪನವರು ಒಬ್ಬರೇ. "ಎಂತ ಶಂಶುದ್ದೀನ್, ಬಸ್ಸು ದಿನಾ ತಡ ಆಗ್ತದೆ. ಕೋರ್ಟಿಗೆ ಹೋಗೋರು ಬಯ್ತಾರೆ. ಕಾಫಿ ಕುಯ್ಲು ಶುರು ಆಗೋದ್ರೊಳಗೆ ಸರಿ ಮಾಡ್ಕೋ. ಇಲ್ದಿದ್ರೆ ಸ್ಟೇರಿಂಗು ನಾಗೇಶನಿಗೆ ಕೊಡ್ಬೇಕಾಗ್ತದೆ."

ನಾಗೇಶ ಎಂದರೆ ಮೊನ್ನೆ ಮೊನ್ನೆ ಲಾರಿ ಕಲಿತ ಹುಡುಗಾಟದವನು. ಸಾಬರಿಗೆ ಆ ದಿನ ಊಟ ಸೇರಲಿಲ್ಲ. ಸ್ಟೇರಿಂಗು ಹೋದರೆ ಶಂಶುದ್ದೀನ್ ಎನ್ನುವವನು ಬಣಕಲ್ಲಿನಲ್ಲಿ ಯಾರು? ಕೊನೆಗೂ ಹೆಂಡತಿ ಜಮೀಲುನ್ನೀಸಾಳ ಹತ್ತಿರ ಬಾಯಿಬಿಟ್ಟರು. ಆಕೆ ಮೊದಲು ಅತ್ತಳು, ಆಮೇಲೆ ಬೈದಳು, ಆಮೇಲೆ ಚಿಕ್ಕಮಗಳೂರಿನ ಆಸ್ಪತ್ರೆಗೆ ಅಟ್ಟಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಓಂಕಾರಮೂರ್ತಿಯವರು ಬಾಗಿದ ಉಕ್ಕಿನ ಸಲಾಕೆಯೊಂದನ್ನು ಹೊರತೆಗೆದಾಗ ಸಾಬರ ಮೀಸೆ ತಾನಾಗಿ ಇಳಿಯಿತು. ತಾವು ಡ್ರಮ್ಮಿಗೆ ತಿವಿಯುತ್ತಿದ್ದ ಸಲಾಕೆಯ ತಮ್ಮನಂತೆಯೇ ಇತ್ತು ಅದು. ಹೋಗಬೇಕಾದ ದಾರಿಯಲ್ಲಿ ಅದು ಹೋಯಿತು. ಸಾಬರು ಅಲ್ಲಾನ ಹೆಸರು ಹೇಳಿಕೊಂಡು ಮಾಡಿನ ಹೆಂಚು ನೋಡುತ್ತ ಮಲಗಿದರು. ಒಳಗೆ 'ಟಿಕ್' ಎಂದು ಸದ್ದಾಯಿತು.

"ಕೇಳಿಸ್ತಾ? ಮೂತ್ರದ ಚೀಲದಲ್ಲಿ ಕಲ್ಲು ಕೂತಿದೆ. ಉರುಳಿ ಬಂದು ಬಾಯಿಗೆ ಅಡ್ಡ ಕೂರ್ತದೆ, ಅದಕ್ಕೇ ಕಟ್ಟೋದು. ಹೊಟ್ಟೆ ಕೆಳಗೆ ಕೊಯ್ದು ತೆಗೀಬೇಕು," ಎಂದರು ಡಾಕ್ಟರು.

ಅದಕ್ಕೆ ಮೊದಲು ಮೂತ್ರದಲ್ಲಿ ಸಕ್ಕರೆ ಇದೆಯೇ ನೋಡಬೇಕು, ಸಕ್ಕರೆ ಕಾಯಿಲೆಯವರಿಗೆ ಕೊಯ್ದ ಗಾಯ ಮಾಯುವುದು ಕಷ್ಟ ಎಂದರು. ಆ ಸಲಾಕೆಯ ಭಯಕ್ಕೆ ಸಾಬರಿಂದ ಒಂದು ಹನಿಯೂ ಬರಲಿಲ್ಲ. ಹಾಗಾದರೆ ಮನೆಯಿಂದ ಬೆಳಿಗ್ಗೆಯದನ್ನು ಬಾಟ್ಲಿಯಲ್ಲಿ ತನ್ನಿ ಎಂದು ಕಳಿಸಿದರು.

ಮುಂದಿನ ಅನಾಹುತಕ್ಕೆಲ್ಲ ಕಾರಣ ಜಮೀಲುನ್ನೀಸಾಳ ಮರ್ಯಾದೆ. ಮನೆಯಲ್ಲಿದ್ದ ಬಾಟ್ಲಿಗಳಲ್ಲಿ ಒಂದಕ್ಕೆ ಸೀಮೆಎಣ್ಣೆ ವಾಸನೆ, ಇನ್ನೊಂದಕ್ಕೆ ಹರಳೆಣ್ಣೆ ಜಿಡ್ಡು. ಡಾಕ್ಟರು ನಮ್ಮ ಮನೆ ಬಗ್ಗೆ ಏನಂದುಕೊಂಡಾರು? ಜೇನು ಕೀಳುವ ಕೆಂಚಯ್ಯ ಕಾಡಿನಿಂದ ಬಿಡಿಸಿ ತಂದ ಜೇನಿನ ಬಾಟ್ಲಿಯೊಂದು ಅಟ್ಟದ ಮೇಲಿತ್ತು. ದೊಡ್ಡವರ ಹತ್ತಿರ ಬರಿಗೈಯಲ್ಲಿ ಹೋಗುವುದು ನಮ್ಮ ಸೀಮೆಯಲ್ಲಿ ಇಲ್ಲವಲ್ಲ. ಜೇನನ್ನು ಜಾಡಿಗೆ ಬಗ್ಗಿಸಿ ಡಾಕ್ಟರಿಗೆ ಎಂದು ಕಟ್ಟಿಟ್ಟಳು. ಖಾಲಿಯಾದ ಬಾಟ್ಲಿ ಇದಕ್ಕಾಯಿತು. ತೊಳೆಯಲು ಹೋದವಳು ತಡೆದಳು: ಈ ಮಳೆಯಲ್ಲಿ ತೊಳೆದದ್ದು ಒಣಗುವುದು ಯಾವಾಗ? ಒಳಗೆ ನೀರಿನ ಪಸೆ ಉಳಿದರೆ, ಹಾಲಿನವರಂತೆ ಇದಕ್ಕೂ ನೀರು ಬೆರೆಸಿದ್ದಾರೆ ಎಂದು ಡಾಕ್ಟರು ಹೇಳಿಯಾರು! ಜೇನಾದರೋ ಔಷಧಿ, ಹೊಲಸಲ್ಲವಲ್ಲ.

ಆಸ್ಪತ್ರೆಯಲ್ಲಿ ನೀಲಿ ದ್ರಾವಣಕ್ಕೆ ಸಾಬರ ಎಂಟು ಹನಿ ಹಾಕಿ ಕಾಯಿಸಿದರೆ ಅದು ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏನ್ರೀ ಇದು, ಇಷ್ಟೊಂದು ಸಕ್ಕರೆ! ಆಪರೇಷನ್ ಈಗ ಆಗೋದಿಲ್ಲ. ಅನ್ನ, ಬೆಲ್ಲ, ಸಿಹಿ ಎಲ್ಲ ಬಂದ್. ಪಥ್ಯ ಮಾಡಿ, ತಿಂಗಳು ಬಿಟ್ಟು ಬನ್ನಿ."

ಬೆಲ್ಲದ ಕಾಫಿ ಬಿಟ್ಟು ಸಾಬರಿಗೆ ಬೇರೆ ಚಟವಿರಲಿಲ್ಲ. ಅದೂ ಹೋಯಿತು. ಹಾಗಲಕಾಯಿ, ಒಣರೊಟ್ಟಿ, ಮತ್ತೆ ಹಾಗಲಕಾಯಿ. ಮುಖವೂ ಹಾಗಲಕಾಯಿಯಂತೆಯೇ ಆಯಿತು. ಹೊಟ್ಟೆ ಕೆಳಗೆ ಕಲ್ಲು, ಮೇಲೆ ಹಸಿವು; ಗ್ಯಾಸು ನೋಡುವುದು ಇನ್ನೂ ಹೆಚ್ಚಾಯಿತು. ತಿಂಗಳಾದ ಮೇಲೆ ಜಮೀಲುನ್ನೀಸಾ ಡಾಕ್ಟರ ಮನಸ್ಸು ಕರಗಲಿ ಎಂದು ಕೆಂಚಯ್ಯನಿಂದ ಇನ್ನೂ ದೊಡ್ಡ ಬಾಟ್ಲಿ ಜೇನು ತರಿಸಿದಳು. ಅದನ್ನೂ ಜಾಡಿಗೆ ಬಗ್ಗಿಸಿದಳು. ಖಾಲಿ ಬಾಟ್ಲಿ ಎಲ್ಲಿಗೆ ಹೋಯಿತೆಂದು ಬೇರೆ ಹೇಳಬೇಕೇ? ಈ ಸಲ ದ್ರಾವಣ ಕೆಂಪಾಗಲು ಕಾಯಲೇ ಇಲ್ಲ.

"ಕದ್ದು ತಿಂತಿದ್ದೀರಿ!" ಎಂದು ಡಾಕ್ಟರು ಗುಡುಗಿದರು.

"ಇಲ್ಲ ಸ್ವಾಮಿ, ಅಲ್ಲಾನಾಣೆ."

ಮನೆಗೆ ಬಂದು ಸಾಬರು ಹೆಂಡತಿಯನ್ನು ಹಿಡಿದರು. "ರೊಟ್ಟಿಗೆ ಬೆಲ್ಲ ಗಿಲ್ಲ ಸೇರಿಸ್ತೀಯಾ?"

"ನಾನಾ? ನೀವೇ ಮೂಡಿಗೆರೆ ಹೋಟ್ಲಲ್ಲಿ ನುಂಗ್ತಿರ್ಬೇಕು. ಆ ಕೃಷ್ಣಪ್ಪನ ಕೇಳಿದ್ರೆ ಗೊತ್ತಾಗ್ತದೆ!"

ಗಂಡ ಹೆಂಡತಿ ಮೂರು ದಿನ ಮಾತು ಬಿಟ್ಟರು. ತೋಟಗಳಲ್ಲಿ ಕಾಫಿ ಹಣ್ಣು ಕೆಂಪಗಾಗತೊಡಗಿತ್ತು. ನಾಗೇಶ ಬಂದು ಬಸ್ಸಿನ ಸೀಟಿನ ಮೇಲೆ ಕೂತು, ಕಾಲು ಎಟಕುತ್ತದೆಯೇ ಎಂದು ನೋಡಿಕೊಂಡು ಹೋಗಿದ್ದ. ಸಾಬರು ಅದನ್ನು ಕಂಡೂ ಕಾಣದಂತೆ ನಿಂತಿದ್ದರು. ಅವರಿಗೆ ನಿಜವಾಗಿಯೂ ಅಳು ಬಂದಿತ್ತು.

ತಡೆಯಲಾರದೆ ಮೂರನೆಯ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು, ಜೇನಿನ ಜಾಡಿಯ ಜೊತೆ ಸಾಬರು ಈ ಸಲವೂ ತಂದಿದ್ದ ಬಾಟ್ಲಿಯನ್ನು ಪಕ್ಕಕ್ಕಿಟ್ಟರು. "ಇವತ್ತು ಇಲ್ಲೇ ಆಗ್ಬೇಕು. ನಮ್ಮ ಗಾಜಿನ ಲೋಟದಲ್ಲಿ."

ಸಾಬರು ಲೋಟ ಹಿಡಿದು ಮರೆಗೆ ಹೋದರು. ನಿಂತರು. ಜವಾನ ನಲ್ಲಿ ತಿರುಗಿಸಿ ನೀರು ಬಿಟ್ಟ. ನೀರು ಬಂತು, ಸಾಬರಿಗೆ ಬರಲಿಲ್ಲ. ಕೊನೆಗೆ ತಲೆ ತಗ್ಗಿಸಿಕೊಂಡು ಈಚೆ ಬಂದರು.

"ಸ್ವಾಮಿ, ಹೇಳೋಕೆ ನಾಚಿಕೆ. ನನಗೆ ಗ್ಯಾಸು ನೋಡ್ದೆ ಬರೋದಿಲ್ಲ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಸಾಬರು ಡ್ರಮ್ಮು, ಸಲಾಕೆ, ಪೊದೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಡಾಕ್ಟರು ನಗಲಿಲ್ಲ. ಬಹಳ ಪ್ರಯತ್ನಪಟ್ಟು ನಗಲಿಲ್ಲ. "ಬಸ್ಸೆಲ್ಲಿದೆ?" ಎಂದಷ್ಟೇ ಕೇಳಿದರು.

ಬಸ್ಸು ಆಸ್ಪತ್ರೆಯ ಹಿತ್ತಲಿಗೆ ಬಂತು. ಕೃಷ್ಣಪ್ಪ ಗಾಳಿಯಂತ್ರ ತಿರುಗಿಸಿದ. ಹೊಗೆ ಎದ್ದಿತು. ಕಿಟಕಿಗಳಲ್ಲಿ ರೋಗಿಗಳ ತಲೆಗಳು ಸಾಲಾಗಿ ಕಾಣಿಸಿಕೊಂಡವು. ಸಾಬರು ಗಂಭೀರವಾಗಿ ಡ್ರಮ್ಮಿಗೆ ಎರಡು ತಿವಿದು, ಲೋಟದೊಂದಿಗೆ ಮರೆಯಾದರು. ಸ್ವಲ್ಪ ಹೊತ್ತಿಗೆ ಲೋಟ ಎತ್ತಿ ಹಿಡಿದುಕೊಂಡು ಬಂದಾಗ ಅವರ ಮೀಸೆ ಮತ್ತೆ ಮೇಲೆದ್ದಿತ್ತು.

ದ್ರಾವಣ ಕಾಯಿಸಿದರು. ನೀಲಿ. ಇನ್ನೂ ಕಾಯಿಸಿದರು. ಆಕಾಶದಂತೆ ನೀಲಿ. ಡಾಕ್ಟರು ಪಕ್ಕಕ್ಕಿಟ್ಟಿದ್ದ ಬಾಟ್ಲಿಯನ್ನು ಬೆಳಕಿಗೆ ಹಿಡಿದರು. ಕತ್ತಿನ ಒಳಗೆ ಕಂದು ಅಂಟು, ಅದಕ್ಕೆ ಸಿಕ್ಕಿಕೊಂಡ ಒಂದು ಇರುವೆ.

"ಇದರಲ್ಲಿ ಮೊದಲು ಏನಿತ್ತು?"

"ತಮಗೆ ಕೊಟ್ಟ ಜೇನೇ ಸ್ವಾಮಿ."

ಡಾಕ್ಟರು ಕುರ್ಚಿಗೆ ಒರಗಿ ನಕ್ಕೇ ನಕ್ಕರು. ಆ ನಗುವಿಗೆ ಕಿಟಕಿಯ ತಲೆಗಳೂ ನಕ್ಕವು. ನಡುವೆ ಏನೋ ಹೊಳೆದು ಅವರ ನಗು ಫಕ್ಕನೆ ನಿಂತಿತು. "ತಡೀರಿ. ಎರಡನೇ ಸಲದ ಜೇನು ಯಾವ ಬಾಟ್ಲಿಯಲ್ಲಿತ್ತು? ಮೊದಲ ಸಲ ಇಲ್ಲಿಗೆ ತಂದದ್ರಲ್ಲೇ ಅಲ್ವಲ್ಲ?"

"ಬೇರೆ ಬಾಟ್ಲಿ ಸ್ವಾಮಿ! ಪ್ರತಿ ಸಲ ಹೊಸ ಬಾಟ್ಲಿ! ಕೆಂಚಯ್ಯನ್ನ ಕೇಳಿ!"

ಡಾಕ್ಟರು ನಂಬಿದರು. ಆದರೂ ಆ ಹೊತ್ತೇ ಜವಾನನನ್ನು ತಮ್ಮ ಮನೆಗೆ ಓಡಿಸಿದರು, ಜೇನು ಮುಟ್ಟಬೇಡಿ ಎಂದು ಹೇಳಿಬರಲು.

ಆಪರೇಷನ್ನಿಗೆ ಬೆನ್ನಿಗೆ ಅರಿವಳಿಕೆಯ ಸೂಜಿ ಚುಚ್ಚಿದರು. ಸೊಂಟದ ಕೆಳಗೆ ತನ್ನದೆನ್ನುವುದು ಏನೂ ಇಲ್ಲವೆಂಬಂತಾಯಿತು, ಆದರೆ ಬಾಯಿ ಮಾತ್ರ ಸರಿಯಾಗಿ ಓಡುತ್ತಿತ್ತು. ಅಡ್ಡಕಟ್ಟಿದ ಬಟ್ಟೆಯ ಈಚೆಗೆ ಮಲಗಿಕೊಂಡು ಸಾಬರು "ಎಲ್ಲಿವರೆಗೆ ಬಂತು ಸ್ವಾಮಿ?" ಎಂದು ಕೇಳುತ್ತಲೇ ಇದ್ದರು. ಕೊನೆಗೆ ಪಿಂಗಾಣಿ ತಟ್ಟೆಯಲ್ಲಿ 'ಠಣ್' ಎಂದಿತು. ಜಾಯಿಕಾಯಿ ಗಾತ್ರದ ಕಲ್ಲು. ಹೊರಗೆ ಜಮೀಲುನ್ನೀಸಾ ಸೆರಗಲ್ಲಿ ಮುಖ ಮುಚ್ಚಿಕೊಂಡು, ಒಂದು ಬಾಟ್ಲಿ ತೊಳೆಯದ್ದಕ್ಕೆ ಗಂಡನನ್ನು ಇಷ್ಟು ದಿನ ಉಪವಾಸ ಕೆಡವಿದೆನಲ್ಲ ಎಂದು ಅಳುತ್ತಿದ್ದಳು.

ಹೊಟ್ಟೆಗೆ ರಬ್ಬರು ಕೊಳವೆ ಸಿಕ್ಕಿಸಿಕೊಂಡು ಸಾಬರು ಮಲಗಿರುವಾಗ ಕುಯ್ಲು ಶುರುವಾಯಿತು. ಬಸ್ಸು ನಾಗೇಶನ ಕೈಗೆ ಹೋಯಿತು. ಅವನು ಬಾಣ ಬಿಟ್ಟಂತೆ ಹೋಗುತ್ತಾನಂತೆ, ಎಲ್ಲೂ ನಿಲ್ಲಿಸುವುದಿಲ್ಲವಂತೆ, ಹೊತ್ತಿಗೆ ಮೊದಲೇ ಮುಟ್ಟಿಸುತ್ತಾನಂತೆ. ಇದೆಲ್ಲ ಕೇಳಿ ಸಾಬರು ಗೋಡೆಯ ಕಡೆ ಮಗ್ಗುಲಾದರು. ಗಾಯ ಮಾಯಿತು, ಇದು ಮಾಯಲಿಲ್ಲ.

ಗುಣವಾಗಿ ಬಂದವರಿಗೆ ಶಾಂತವೀರಪ್ಪನವರು, "ಒಂದು ಸಲ ಓಡ್ಸಿ ತೋರ್ಸು, ಆಮೇಲೆ ನೋಡುವ," ಎಂದು ತಾವೇ ಮುಂದಿನ ಸೀಟಿನಲ್ಲಿ ಕೂತರು. ಬಸ್ಸು ತುಂಬ ಹಳೆಯ ಗಿರಾಕಿಗಳೇ. ಸಾಬರು ಹಲ್ಲುಕಚ್ಚಿ ಓಡಿಸಿದರು. ಗುಂಡಿ ಬಂತು, ನೋವಿಲ್ಲ. ಏರು ಬಂತು, ಅವಸರವಿಲ್ಲ. ಮೂಡಿಗೆರೆ ದಾಟಿತು. ಹಿಂದಿದ್ದ ಮಾತುಕತೆ ಕಡಿಮೆಯಾಗುತ್ತ ಬಂದು, ಬಸ್ಸಿಗೆ ಬಸ್ಸೇ ಬಾಯಿ ಮುಚ್ಚಿಕೊಂಡು ಕೂತಿತು. ತಾನು ಓಡಿಸುವ ವೈಖರಿಗೆ ಎಲ್ಲರೂ ಬೆರಗಾಗಿದ್ದಾರೆ ಎಂದುಕೊಂಡರು ಸಾಬರು.

ಹಳೆಯ ಲಂಟಾನ ಪೊದೆಯ ತಿರುವು ಹತ್ತಿರವಾದಾಗ ಶಾಂತವೀರಪ್ಪನವರು ಸೀಟಿನಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಒರಗಿದರು.

"ಶಂಶುದ್ದೀನ್, ಗ್ಯಾಸು ನೋಡೋದಿಲ್ವಾ?"

"ಗ್ಯಾಸು ಸರಿಯಾಗಿದೆ ಸಾಹುಕಾರ್ರೆ."

"ಹಂಗಲ್ಲ ಮಾರಾಯ... ನೋಡಿದ್ರೆ ಒಳ್ಳೇದು."

ಹಿಂದಿನಿಂದ ತರಕಾರಿ ಮುತ್ತಮ್ಮನಿಗೆ ತಾಳ್ಮೆ ತಪ್ಪಿತು. "ಸಾಬ್ರೇ, ನಿಮಗೆ ಬೇಕಿದ್ದಾಗ ನಾವು ಒಂದು ಮಾತಾದ್ರೂ ಆಡಿದ್ವಾ? ಎಲ್ರಿಗೂ ಗೊತ್ತಿತ್ತು, ಸುಮ್ನಿದ್ವಿ. ಆ ನಾಗೇಶನ ಕೈಲಿ ಹೊಟ್ಟೆ ಹಿಡ್ಕೊಂಡು ಸಾಕಾಗಿದೆ. ಈಗ ನಮಗೆ ಬೇಕು, ನೀವು ನಿಲ್ಸಿ!"

ಸಾಬರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಎಲ್ಲರಿಗೂ ಗೊತ್ತಿತ್ತು! ಅಷ್ಟು ದಿನ ಮಳೆಯಲ್ಲಿ ಕಾದು ಕೂತು, ಕೋರ್ಟಿಗೆ ತಡವಾಗಿ, ಒಬ್ಬರೂ ಆ ಗುಟ್ಟಿನ ಬಗ್ಗೆ ಬಾಯಿಬಿಟ್ಟಿರಲಿಲ್ಲ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ಇಳಿದು ಓಡಿದರು. ಎಲ್ಲರಿಗಿಂತ ಮುಂದೆ ಓಡಿದವರು ಶಾಂತವೀರಪ್ಪನವರು. ಪೊದೆಯ ಹಿಂದಿನಿಂದಲೇ ಅವರ ದನಿ ಕೇಳಿಸಿತು: "ನಾಳೆಯಿಂದ ನೀನೇ ಬಾ ಮಾರಾಯ! ನಾಗೇಶ ಲಾರಿ ಓಡಿಸ್ಲಿ!"

ಸಾಬರು ಸಲಾಕೆ ಹಿಡಿದು ಇಳಿದರು. ಡ್ರಮ್ಮಿನ ಬೆಂಕಿ ಚೆನ್ನಾಗಿಯೇ ಇತ್ತು. ಆದರೂ ಎಲ್ಲರಿಗೂ ಬೆನ್ನು ಮಾಡಿ ನಿಂತು, ಹೊಗೆಗೆ ಎಂಬಂತೆ ಕಣ್ಣೊರೆಸಿಕೊಳ್ಳುತ್ತ, ಮುತ್ತಮ್ಮ ಬಂದು ಕೂರುವವರೆಗೂ ಅದನ್ನು ಕೆದಕುತ್ತಲೇ ಇದ್ದರು.