ಮಳೆಗೊಂದು ಬೀಗ

ಕಳೆದ ವಾರ ಸ್ಟೋರಿನ ಹಲಗೆಯಿಂದ ಹಳೆಯ ಪುಟ್ಟ ಕಂಪ್ಯೂಟರನ್ನು ಇಳಿಸಿದಾಗ ಮೊದಲು ಬಂದದ್ದು ಸೀನು. ಕರಿಮೆಣಸಿನ ಚೀಲಗಳ ಪಕ್ಕದಲ್ಲೇ ವರ್ಷಗಟ್ಟಲೆ ಓಡಿದ ಯಂತ್ರ. ಅದರ ಫ್ಯಾನು ಎಳೆದುಕೊಂಡಿದ್ದ ಮೆಣಸಿನ ಧೂಳು ನಾಲ್ಕು ಮಂದಿಯ ಸಾರಿಗೆ ಸಾಕಾಗುವಷ್ಟಿತ್ತು. ಬೇಸಿಗೆಯ ಸಿಡಿಲಿಗೆ ಅದು ಸುಟ್ಟುಹೋಗಿತ್ತು. ಸೀನಿದೆ, ಕಣ್ಣು ಒರೆಸಿಕೊಂಡೆ. ಎರಡನೆಯದಕ್ಕೂ ಮೆಣಸೇ ಕಾರಣ ಎಂದು ನೀವು ನಂಬಿದರೆ ನನಗೆ ಉಪಕಾರ.

ಅದನ್ನು ಅಲ್ಲಿಟ್ಟವರು ನಮ್ಮ ಯಜಮಾನರು. ಅವರು ಹೋಗಿ ವರ್ಷದ ಮೇಲಾಯಿತು. ಸಕಲೇಶಪುರದ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಂಡಿದ್ದು, ನಿವೃತ್ತರಾದ ಮೇಲೆ ಆಲೂರಿನ ಹತ್ತಿರದ ನಮ್ಮ ಸಣ್ಣ ಕಾಫಿ ತೋಟಕ್ಕೆ ಬಂದು ಕೂತರು. ಬ್ಯಾಂಕು ಬಿಟ್ಟರೂ ಬೀಗದ ಚಾಳಿ ಬಿಡಲಿಲ್ಲ. ಮನೆಯಲ್ಲಿ ಬೀಗ ಬೀಳದೆ ಉಳಿದದ್ದು ಸಕ್ಕರೆ ಡಬ್ಬಿ ಒಂದೇ. ಸಕ್ಕರೆ ಕಾಯಿಲೆ ಇದ್ದದ್ದು ಅವರಿಗೇ ಆದ್ದರಿಂದ.

ನಮ್ಮ ಕಡೆ ಬೆಳಿಗ್ಗೆ ಫೋನು ಮಾಡಿದವರು ಕ್ಷೇಮ ಕೇಳುವ ಮೊದಲು ‘ಎಷ್ಟು ಸೆಂಟು’ ಎಂದು ಕೇಳುತ್ತಾರೆ. ನೂರು ಸೆಂಟು ಕೂಡಿದರೆ ಒಂದು ಇಂಚು ಮಳೆ. ಮಾರನಹಳ್ಳಿಯ ಲಾರೆನ್ಸ್ ನಮ್ಮ ಇವರ ಹಳೆಯ ಸ್ನೇಹಿತರು. ಘಾಟಿಯ ನೆತ್ತಿಯ ಅವರ ತೋಟಕ್ಕೆ ಮಳೆ ಧಾರಾಳ. ನಮಗೆ ಅವರು ತಲೆ ಒರೆಸಿಕೊಂಡು ಕೊಡವಿದಷ್ಟು. ಇಬ್ಬರೂ ದಿನವೂ ಲೆಕ್ಕ ಒಪ್ಪಿಸುತ್ತಿದ್ದರು, ಒಬ್ಬರನ್ನೊಬ್ಬರು ಒಂದು ದಿನವೂ ನಂಬಲಿಲ್ಲ.

“ನಿನ್ನ ಮಳೆ ಡಬ್ಬಿ ಸೂರಿನ ನೀರು ಬೀಳೋ ಜಾಗದಾಗೆ ಐತೆ ಮಾರಾಯ,” ಎಂದು ಇವರು.

“ನಿಂದು ತೂತು ಬಿದ್ದೈತೆ, ನೋಡ್ಕೋ,” ಎಂದು ಅವರು.

ಕೊನೆಗೆ ಎರಡೂ ತೋಟಗಳಲ್ಲಿ ತಾವಾಗಿಯೇ ಅಳೆಯುವ ಮಳೆಮಾಪಕಗಳು ನಿಂತವು. ಎರಡೂ ಕಡೆ ಲಿನಕ್ಸ್‌ನಲ್ಲಿ ಓಡುವ ಒಂದೊಂದು ಪುಟ್ಟ ಕಂಪ್ಯೂಟರು, ನಾನು ಹಲಗೆಯಿಂದ ಇಳಿಸಿದ್ದು ನಮ್ಮದನ್ನು. ಅದು ಇದಕ್ಕೆ, ಇದು ಅದಕ್ಕೆ ಲೆಕ್ಕ ಕಳಿಸಬೇಕು. ಅಷ್ಟು ಸಾಲದು, ನಡುವೆ ಯಾರಿಗೂ ಓದಲಾಗದಂತೆ ಇಂಟರ್ನೆಟ್ಟಿನೊಳಗೆ ಒಂದು ಗುಟ್ಟಿನ ಸುರಂಗವೂ ಬೇಕು ಎಂದು ಇವರು ಹಟ ಹಿಡಿದರು.

“ಮಳೆ ಲೆಕ್ಕ ಯಾರು ಕದೀತಾರ್ರೀ? ಕಿಟಕಿಯಿಂದ ಕೈ ಚಾಚಿದ್ರೆ ಗೊತ್ತಾಗುತ್ತೆ,” ಎಂದೆ.

“ಕದಿಯೋದಲ್ಲ ಕಣೇ, ದಾರೀಲಿ ತಿದ್ದಿಬಿಟ್ರೆ? ಘಾಟಿ ರೈಲು ನೋಡಿಲ್ವಾ? ಸುರಂಗಕ್ಕೆ ನುಗ್ಗಿದ್ದು ಕಾಣುತ್ತೆ, ಆಚೆ ಬಂದಿದ್ದು ಕಾಣುತ್ತೆ. ಮಧ್ಯದಲ್ಲಿ ಯಾವ ಬೋಗಿಗೂ ಯಾರೂ ಕೈ ಹಾಕಕ್ಕಾಗಲ್ಲ.”

“ತಿದ್ದೋರು ಯಾರು ಅಂತ?”

“ಲಾರೆನ್ಸು.”

“ಆಚೆ ತುದೀಲಿ ಕೂತಿರೋದೇ ಅವರಲ್ವಾ?”

ಇವರು ಕಾಫಿ ಕೇಳಿದರು.

ಇವರು ಹೋದ ಮೇಲೂ ಯಂತ್ರ ತನ್ನ ಪಾಡಿಗೆ ಮಳೆ ಕಳಿಸುತ್ತಿತ್ತು. ಬೆಳಿಗ್ಗೆ ಲಾರೆನ್ಸ್ ಫೋನು ಮಾಡುತ್ತಿದ್ದರು. “ನಿಮ್ದು ಹನ್ನೆರಡು ಸೆಂಟು ಬಂತು ಅತ್ತಿಗೆ.” ಆಮೇಲೆ ನಿಧಾನಕ್ಕೆ ತಿಂಡಿಯ ವಿಷಯ, ನನ್ನ ಮಂಡಿ ನೋವು, ಇವರು ಹಿಂದೆ ಮಾಡಿದ ಯಾವುದೋ ಜಿಪುಣತನ. ಕಾರಣವಿಲ್ಲದೆ ಸ್ನೇಹಿತನ ಹೆಂಡತಿಗೆ ಫೋನು ಮಾಡುವ ಜಾಯಮಾನ ಅವರದಲ್ಲ. ಸಿಡಿಲು ಬಡಿದ ಮರುದಿನ “ಏನೂ ಬರ್ತಿಲ್ಲ” ಎಂದರು. ಅದಾದ ಮೇಲೆ ಫೋನೂ ಬರಲಿಲ್ಲ. ಇಡೀ ದಿನದಲ್ಲಿ ನನ್ನ ಜೊತೆ ಇವರನ್ನು ಬೈದು ಮಾತಾಡುತ್ತಿದ್ದವರು ಅವರೊಬ್ಬರೇ ಎಂಬುದು ಆಗ ತಿಳಿಯಿತು. ಉಳಿದವರೆಲ್ಲ ಹೊಗಳುತ್ತಾರೆ, ಹೊಗಳಿಕೆಯಲ್ಲಿ ಇವರ ಗುರುತೇ ಸಿಗುವುದಿಲ್ಲ.

ಹಾಸನದಿಂದ ಹೊಸ ಯಂತ್ರ ತರಿಸಿದೆ. ಇವರ ಪಕ್ಕದಲ್ಲಿ ಕೂತು ನೋಡಿದ್ದ ಧೈರ್ಯದ ಮೇಲೆ ಕೆಲಸಕ್ಕಿಳಿದೆ. ಒಂದು ಆಜ್ಞೆ ಬರೆದರೆ ಸುರಂಗದ ಎರಡು ಕೀಲಿ ಹುಟ್ಟುತ್ತವೆ, ಎರಡೂ ಉದ್ದುದ್ದ ಅಕ್ಷರಗಳ ಸಾಲು. ಒಂದನ್ನು ಊರಿಗೆಲ್ಲ ತೋರಿಸಬಹುದು, ಆಚೆ ತುದಿಯ ಯಂತ್ರದಲ್ಲಿ ಅದನ್ನು ಬರೆದರೇ ಸುರಂಗ ತೆರೆಯುವುದು. ಇನ್ನೊಂದನ್ನು ಯಾರಿಗೂ ತೋರಿಸಬಾರದು. ನಮ್ಮ ತೋಟಗಳ ಕಡೆ ಕೀಲಿ ಎಂದರೆ ಬಾಗಿಲ ಮೇಲಿನ ಪಟ್ಟಿಯಲ್ಲಿಟ್ಟು ಅಕ್ಕಪಕ್ಕದವರಿಗೆಲ್ಲ ಹೇಳಿ ಹೋಗುವ ವಸ್ತು. ಆ ಅಭ್ಯಾಸದಲ್ಲಿ ಎರಡನ್ನೂ ಲಾರೆನ್ಸರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ನನ್ನದು ಕಳೆದರೆ ಅವರ ಹತ್ತಿರ ಒಂದಿರಲಿ ಎಂದು.

“ಅತ್ತಿಗೆ, ಗುಟ್ಟಿನ ಕೀಲೀನೂ ಕಳಿಸ್ಬುಟ್ರಲ್ಲ. ಅವನಿದ್ದಿದ್ರೆ ಇವತ್ತು ಊಟ ಬಿಡ್ತಿದ್ದ ಕಣ್ರೀ.”

ಮತ್ತೆ ಹೊಸ ಕೀಲಿಗಳನ್ನು ಮಾಡಿ, ಕಳಿಸಬೇಕಾದ್ದನ್ನು ಮಾತ್ರ ಕಳಿಸಿದೆ. ಮಧ್ಯಾಹ್ನವಾದರೂ ಸುರಂಗ ತೆರೆಯಲಿಲ್ಲ. ನಾನೇ ಫೋನು ಮಾಡಿದೆ.

“ಕೀಲಿ ಹಾಕಿದ್ರಾ ಲಾರೆನ್ಸಣ್ಣ?”



“ಹಾಕಿಲ್ಲ. ನನ್ನ ಯಂತ್ರದ ಕಡತದಾಗೆ ಒಂದೇ ವಿಳಾಸಕ್ಕೆ ಇಬ್ರು ಇರಕ್ಕಾಗಲ್ಲ. ನಿಮ್ಮ ಕೀಲಿ ಕೂರಿಸ್ಬೇಕಂದ್ರೆ ಅವನದ್ದು ಅಳಿಸ್ಬೇಕು. ಬೆಳಗಿಂದ ಕೂತಿದೀನಿ ಅತ್ತಿಗೆ, ಕೈ ಬರ್ತಿಲ್ಲ.”

ಆಗ ಇವರು ಮಾಡುತ್ತಿದ್ದದ್ದು ನೆನಪಾಯಿತು.

“ಅಳಿಸ್ಬೇಡಿ. ಆ ಸಾಲುಗಳ ಮುಂದೆ ಒಂದೊಂದು ಹ್ಯಾಶ್ ಗುರುತು ಹಾಕಿ, ಸಾಕು. ಇವರೂ ಹಾಗೇ ಮಾಡ್ತಿದ್ರು.”

ಆ # ಗುರುತಿರುವ ಸಾಲನ್ನು ಯಂತ್ರ ಲೆಕ್ಕಕ್ಕೆ ಹಿಡಿಯದೆ ಮುಂದಕ್ಕೆ ಹೋಗುತ್ತದೆ. ಸಾಲು ಮಾತ್ರ ಇದ್ದಲ್ಲೇ ಇರುತ್ತದೆ. ಕಡತ ತೆರೆದವರ ಕಣ್ಣಿಗೆ ಬೀಳುತ್ತದೆ.

ಒಂದೇ ಬೆರಳಿನಲ್ಲಿ ಕುಟ್ಟುವ ಸದ್ದು ಫೋನಿನಲ್ಲಿ ಕೇಳಿಸಿತು.

“ಬಂತು ಅತ್ತಿಗೆ.”

“ಎಷ್ಟು?”

“ಸೊನ್ನೆ.”

ಹೊರಗೆ ಕಣದ ತುಂಬ ಬಿಸಿಲು.

“ಸೊನ್ನೆ ಕಳಿಸಕ್ಕೆ ಇಷ್ಟೆಲ್ಲಾ ಬೀಗ ಬೇಕಾ ನಿಮ್ಮ ಆಲೂರೋರಿಗೆ?”

“ನಿಮ್ದೆಷ್ಟು?”

“ಅರವತ್ತು ಸೆಂಟು.”

“ಸುಳ್ಳು,” ಎಂದೆ.

“ಹಂಗಾದ್ರೆ ಬೆಳಿಗ್ಗೆ ಫೋನ್ ಮಾಡ್ತೀನಿ,” ಎಂದರು ಲಾರೆನ್ಸ್. “ಜಗಳ ನಿಧಾನಕ್ಕೆ ಆಡಣ.”