ಇಸ್ತ್ರಿ ಬಾಟಲಿಯ ಮಂಜು

ಮಸ್ಕತ್ತಿನಲ್ಲಿರುವ ಕನ್ನಡಿಗರೆಲ್ಲ ರೈತರ ಮಕ್ಕಳೇ. ಯಾರನ್ನು ಬೇಕಾದರೂ ಕೇಳಿ ನೋಡಿ. ಇಪ್ಪತ್ತು ವರ್ಷ ಆಫೀಸಿನ ಏಸಿಯಲ್ಲಿ ಕುಳಿತು ಹೊಟ್ಟೆ ಬೆಳೆಸಿಕೊಂಡವರು ಕೂಡ ನಾಲ್ಕು ಕೊತ್ತಂಬರಿ ಮೊಳೆತ ಕೂಡಲೇ ಅದರ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಿ 'ಮಣ್ಣಿನ ನಂಟು' ಎಂದು ಬರೆಯುತ್ತಾರೆ. ಇವರ ಪೈಕಿ ಅತಿ ದೊಡ್ಡ ರೈತರು ನಮ್ಮ ಶ್ರೀನಿವಾಸಮೂರ್ತಿಯವರು. ಅವರ ತಂದೆ ಹುಣಸೂರಿನಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದರು. ಇದು ಅವರ ಹೆಂಡತಿಯೇ ನನಗೆ ಹೇಳಿದ ವಿಷಯ.

ನನ್ನ ಹೆಸರು ರಾಫಿಯಾ, ಊರು ಉಪ್ಪಿನಂಗಡಿ. ಅಲ್ ಖೌದಿನಲ್ಲಿ ಒಂದು ಕಟ್ಟಡದ ಕೆಳಗೆ ನನ್ನ ಟೈಲರಿಂಗ್ ಅಂಗಡಿ. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಮೂರ್ತಿಯವರ ಮನೆ. ಹಳೇ ಖೌದಿನಲ್ಲಿ ಫಾರಿಸ್ ಎಂಬ ಒಮಾನಿ ಮೇಷ್ಟರು ತಮ್ಮ ಖರ್ಜೂರದ ತೋಟದ ಖಾಲಿ ಜಾಗವನ್ನು ಎಂಟು ಪಟ್ಟಿ ಮಾಡಿ ನಮ್ಮಂಥವರಿಗೆ ತರಕಾರಿ ಬೆಳೆಯಲು ಬಿಟ್ಟಿದ್ದಾರೆ. ನನ್ನದು ಐದನೆಯದು, ಮೂರ್ತಿಯವರದು ಆರನೆಯದು. ನಡುವೆ ಮೊಣಕಾಲೆತ್ತರದ ಖರ್ಜೂರದ ಗರಿಯ ಬೇಲಿ. ಹಾಗಾಗಿ ಅವರ ಬೇಸಾಯವನ್ನು ನೋಡದೆ ಇರುವ ಭಾಗ್ಯ ನನಗಿಲ್ಲ.

ಅವರು ಒಂದು ಕಂಪೆನಿಯಲ್ಲಿ ಸೇಫ್ಟಿ ಆಫೀಸರ್. ತೋಟಕ್ಕೂ ಅದೇ ಕಬ್ಬಿಣದ ಮೂತಿಯ ಬೂಟು, ಅದೇ ಮಿಂಚುವ ಹಳದಿ ಜಾಕೀಟು. ಪಟ್ಟಿಯ ತುದಿಯಲ್ಲಿ ಲ್ಯಾಮಿನೇಟ್ ಮಾಡಿದ ಬೋರ್ಡು ನೆಟ್ಟಿದ್ದಾರೆ: ಅನುಮತಿಯಿಲ್ಲದೆ ಒಳಗೆ ಬರಬಾರದು, ಮೂರು ಭಾಷೆಯಲ್ಲಿ. ಒಳಗೆ ಬರುವುದು ಮೈನಾ ಹಕ್ಕಿಗಳು ಮಾತ್ರ, ಅವಕ್ಕೆ ಮೂರರಲ್ಲಿ ಒಂದೂ ಬಾರದು. ಉಳಿದ ಏಳು ಜನ ಟೊಮೆಟೊ, ಹರಿವೆ, ಮೂಲಂಗಿ, ಏನೋ ನಾಲ್ಕು ಬಗೆ ಹಾಕಿಕೊಂಡು ವಾರಕ್ಕೊಂದು ಪಲ್ಯಕ್ಕಾಗುವಷ್ಟು ಒಯ್ಯುತ್ತೇವೆ. ಈ ಮಹಾಶಯರು ಪೂರ್ತಿ ಪಟ್ಟಿಗೆ ಅವರೆ ಹಾಕಿದರು. ಬರೀ ಅವರೆ. ಕೇಳಿದರೆ, "ಕಾನ್ಸಂಟ್ರೇಟೆಡ್ ಎಫರ್ಟ್, ರಾಫಿಯಾ ಮೇಡಂ" ಎಂದರು.

ಅವರೆಯ ಕಾರಣ ಕಟ್ಟಡಕ್ಕೆಲ್ಲ ಗೊತ್ತಿತ್ತು. ಕೊರೊನಾ ಬಂದು ಹೋದಾಗ ಅವರ ಹೆಂಡತಿ ಕಾಂತಾಮಣಿಯವರ ಮೂಗಿನಿಂದ ವಾಸನೆಯೂ ಹೋಯಿತು. ಎಷ್ಟೋ ಜನಕ್ಕೆ ಹೋಗಿತ್ತು, ತಿಂಗಳೊಳಗೆ ವಾಪಸು ಬಂತು. ಇವರಿಗೆ ನಾಲ್ಕು ವರ್ಷವಾದರೂ ಬರಲಿಲ್ಲ. ಡಾಕ್ಟರು ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಂದು ನಾಲ್ಕು ಸಣ್ಣ ಶೀಶೆ ಕೊಟ್ಟು ದಿನಾ ಮೂಸಿ ನೋಡಿ ಎಂದರು. ಅವರು ಒಂದು ವರ್ಷ ಮೂಸಿ, ಶೀಶೆಗಳನ್ನು ಫ್ರಿಜ್ಜಿನ ಬಾಗಿಲಲ್ಲಿಟ್ಟು ಸುಮ್ಮನಾದರು. ಊಟ ಮಾಡಿದರೆ ರಟ್ಟು ಜಗಿದ ಹಾಗಿದೆ ಎನ್ನುತ್ತಿದ್ದರು. ಅದಕ್ಕೆ ಮೊದಲು ಇಡೀ ಕಟ್ಟಡದಲ್ಲಿ ಅವರಷ್ಟು ಚೆನ್ನಾಗಿ ಅಡುಗೆ ಮಾಡುವವರು ಇರಲಿಲ್ಲ.

ಒಮ್ಮೆ ನನಗೊಂದು ಪಾತ್ರೆ ಸಾರು ಕಳಿಸಿದರು. ಬೇಳೆ ತಳ ಹಿಡಿದು ಸೀದಿತ್ತು. ನಾನು ಪಾತ್ರೆ ತೆಗೆದುಕೊಂಡು ಮೇಲೆ ಹೋಗಿ, "ಕಾಂತಕ್ಕಾ, ಬೇಳೆ ಸೀದಿದೆ, ತಿನ್ಲಿಕ್ಕಾಗುದಿಲ್ಲ" ಎಂದು ವಾಪಸು ಕೊಟ್ಟೆ. ಅವರು ಪಾತ್ರೆ ಇಸಿದುಕೊಂಡು ಮುಚ್ಚಳ ತೆಗೆದು ನೋಡಿದರು.

"ಇವ್ರು ಎರಡು ಸಲ ಹಾಕಿಸ್ಕೊಂಡ್ರು ಕಣಮ್ಮಾ. ಚೆನ್ನಾಗಿದೆ ಅಂದ್ರು. ಇನ್ಮೇಲೆ ನಿಮ್ಮನ್ನೇ ಕೇಳ್ತೀನಿ" ಎಂದರು.

ಅಂದಿನಿಂದ ಆ ಮನೆಯ ಮೂಗು ನಾನೇ. ಹಾಲು ಕೆಟ್ಟಿದೆಯೋ, ಫ್ರಿಜ್ಜಿನ ಹುಳಿ ಹಳಸಿದೆಯೋ ಎಂದು ಕೇಳಲು ಕಾಂತಾಮಣಿ ಅಂಗಡಿಗೆ ಇಳಿದು ಬರುತ್ತಿದ್ದರು. ನಾನು ಹೊಲಿಗೆ ನಿಲ್ಲಿಸಿ, ಮೂಸಿ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೆ. ನನ್ನ ನಾಲಿಗೆ ಖಾರ ಎಂದು ನನ್ನ ಗಂಡ ಶಾಫಿ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಹೌದು, ಖಾರವೇ. ಗಂಡಸರು ಚೆನ್ನಾಗಿದೆ ಚೆನ್ನಾಗಿದೆ ಎಂದು ಸೀದದ್ದನ್ನು ನುಂಗಿ ದೊಡ್ಡವರಾಗುವುದನ್ನು ನೋಡಿ ನೋಡಿ ಖಾರವಾದದ್ದು.

ಅವರೆಯ ಸೊಗಡು ಎಂದರೇನು ಎಂಬುದನ್ನು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕು. ಚಳಿಯಲ್ಲಿ ಮಂಜು ಬಿದ್ದ ಅವರೆಕಾಯಿಗೆ ಒಂದು ಘಾಟು ಇರುತ್ತದೆ. ಮೈಸೂರಿನವರು ಅದಕ್ಕಾಗಿ ಪ್ರಾಣ ಬಿಡುತ್ತಾರೆ. ಆರು ವರ್ಷದ ಹಿಂದೆ ಕಾಂತಾಮಣಿಯವರ ತಮ್ಮ ಒಂದು ಚೀಲ ಸೂಟ್‌ಕೇಸಿನಲ್ಲಿ ತಂದಿದ್ದಾಗ ಎರಡು ದಿನ ಲಿಫ್ಟಿಗೆ ಕಾಲಿಡಲಾಗಲಿಲ್ಲ. ನನಗದು ತಿಗಣೆ ಹೊಸಕಿದ ವಾಸನೆ. ಆದರೆ ಮೂಗು ಹೋದ ಮೇಲೆ ಕಾಂತಾಮಣಿ ಕಾಫಿಗೆ ಅಳಲಿಲ್ಲ, ಮಲ್ಲಿಗೆಗೆ ಅಳಲಿಲ್ಲ. ಹೋದ ವರ್ಷ ಜನವರಿಯಲ್ಲಿ, ಊರಿನಲ್ಲಿ ಈಗ ಅವರೆ ಕಾಲ ಎಂದು ನೆನೆದು ಅತ್ತರು. ಆ ಸೊಗಡು ಬಂದರೆ ಎಲ್ಲವೂ ಬಂದ ಹಾಗೆ ಎಂದರಂತೆ. ಮಗಳು ನಿಖಿತಾಳಿಗೆ ಈ ವರ್ಷ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಇದ್ದುದರಿಂದ ಅವರೆ ಕಾಲಕ್ಕೆ ಊರಿಗೆ ಹೋಗುವಂತಿರಲಿಲ್ಲ. ಹೈಪರ್‌ಮಾರ್ಕೆಟ್ಟಿನ ಅವರೆ ಫ್ರಿಜ್ಜಿನಲ್ಲಿ ಸತ್ತದ್ದು. ಅದಕ್ಕೇ ಮೂರ್ತಿಯವರು ರೈತರಾದದ್ದು.

"ಗಿಡದಿಂದ ಕಿತ್ತ ಅರ್ಧ ಗಂಟೇಲಿ ಅವಳ ಕೈಗೆ ಕೊಡ್ಬೇಕು. ಆಗ ಬಂದೇ ಬರುತ್ತೆ" ಎಂದು ಬೇಲಿಯಾಚೆಯಿಂದ ನನಗೆ ವಿವರಿಸಿದರು. ಮಗಳನ್ನು ಒಮ್ಮೆ ಕರೆತಂದಿದ್ದರು. ಆ ಹುಡುಗಿ ಫೋನಿನಿಂದ ತಲೆಯೆತ್ತಿ, "ಅಪ್ಪಾ, ಇಟ್ಸ್ ಜಸ್ಟ್ ಬೀನ್ಸ್" ಎಂದಳು. ಆ ಮನೆಯಲ್ಲಿ ಬುದ್ಧಿಯಿರುವವಳು ಅವಳೊಬ್ಬಳೇ ಎಂದು ನನಗನ್ನಿಸಿತು.

ಈ ವರ್ಷ ಚಳಿಗಾಲದ ಮಳೆ ಬರಲೇ ಇಲ್ಲ. ತೋಟಕ್ಕೆ ನೀರು ತರುವ ಫಲಜ್ ಕಾಲುವೆ ಮೊದಲು ಮೊಣಕೈಯಷ್ಟು ಹರಿಯುತ್ತಿದ್ದದ್ದು ಫೆಬ್ರವರಿಯಲ್ಲಿ ಅಂಗೈಯಷ್ಟಾಯಿತು. ವಾರಕ್ಕೆರಡು ಸಲ ನಮಗೆ ಅರ್ಧರ್ಧ ಗಂಟೆ ನೀರಿನ ಪಾಳಿ ಇತ್ತು. ಫಾರಿಸ್ ಬಂದು, "ಪಾನಿ ಖಲಾಸ್. ಅಬ್ ಪಂದ್ರಾ ಮಿನಿಟ್" ಎಂದು ಪಾಳಿಯನ್ನು ಅರ್ಧಕ್ಕಿಳಿಸಿ ಹೋದರು. ಚಳಿ ಮಾತ್ರ ಹೋಗಲೇ ಇಲ್ಲ. ಮಾರ್ಚ್ ಬಂದರೂ ಬೆಳಿಗ್ಗೆ ಬಡಗಣ ಗಾಳಿಗೆ ಸ್ವೆಟರ್ ಬೇಕಿತ್ತು. ಒಣ ಗಾಳಿ, ತುಟಿ ಒಡೆಯುವಂಥದ್ದು. ಕಾರಿನ ಗಾಜಿನ ಮೇಲೂ ಒಂದು ಹನಿ ಮಂಜಿಲ್ಲ.

ಮೂರ್ತಿಯವರಿಗೆ ನೀರಿನ ಚಿಂತೆಗಿಂತ ಮಂಜಿನದೇ ಚಿಂತೆ. ಮಂಜು ಬೀಳದೆ ಸೊಗಡು ಕೂಡುವುದಿಲ್ಲವಂತೆ. ಡಿಸೆಂಬರಿನಲ್ಲೇ ಒಂದು ಸಂಜೆ ಅಂಗಡಿಗೆ ಬಂದು, ಇಸ್ತ್ರಿಗೆ ಮೊದಲು ಬಟ್ಟೆಗೆ ನೀರು ಚಿಮುಕಿಸುವ ನನ್ನ ಬಾಟಲಿಯನ್ನು ನೋಡುತ್ತಾ ನಿಂತರು.

"ಇದು ಎಷ್ಟು ಸಣ್ಣಕ್ಕೆ ಸ್ಪ್ರೇ ಆಗುತ್ತೆ?"

"ಎಂತಕ್ಕೆ? ಶರ್ಟಿಗಾ?"

"ಅವರೆಗೆ" ಎಂದರು, ನಾಚಿಕೆಯಿಲ್ಲದೆ.

ನಾನು ನಕ್ಕೆ. ಅಂಗಡಿಯಲ್ಲಿದ್ದ ಗಿರಾಕಿಗಳಿಗೂ ಹೇಳಿ ನಗಿಸಿದೆ. ಆದರೂ ಬಾಟಲಿ ಕೊಟ್ಟೆ, ನನ್ನ ಹತ್ತಿರ ಎರಡಿತ್ತು. ಮರುದಿನದಿಂದ ಬೆಳಕು ಹರಿಯುವ ಮೊದಲೇ ಎದ್ದು, ಹಳದಿ ಜಾಕೀಟು ಹಾಕಿಕೊಂಡು, ಡ್ಯೂಟಿಗೆ ಹೋಗುವ ದಾರಿಯಲ್ಲಿ ಎಲೆ ಎಲೆಗೆ ಮಂಜು ಸುರಿಸಲು ಶುರು ಮಾಡಿದರು. ಗಾಳಿ ಹತ್ತು ನಿಮಿಷದಲ್ಲಿ ಅದನ್ನು ಒರೆಸಿ ಹಾಕುತ್ತಿತ್ತು, ಎಲೆಯ ಮೇಲೆ ಸುಣ್ಣದ ಚುಕ್ಕೆ ಮಾತ್ರ ಉಳಿಯುತ್ತಿತ್ತು. ಗಿಡಕ್ಕೆ ಹೇನು ಬಿದ್ದಾಗ ಹಳೇ ಟೂತ್‌ಬ್ರಶ್ಶಿನಿಂದ ಒಂದೊಂದು ಕುಡಿಯನ್ನೂ ಉಜ್ಜಿದರು. ತಮ್ಮ ಹಲ್ಲನ್ನೂ ಅಷ್ಟು ಚೆನ್ನಾಗಿ ಉಜ್ಜಿರಲಿಕ್ಕಿಲ್ಲ. ಬಿತ್ತಿದಂದಿನಿಂದ ಐದೂವರೆ ತಿಂಗಳು ಈ ಮನುಷ್ಯ ಒಂದಲ್ಲ ಒಂದು ಹೀಗೆ ಮಾಡಿದರು. ಅವರ ಕಂಪೆನಿಯವರಿಗೆ ಗೊತ್ತಾಗಿದ್ದರೆ ಸಂಬಳದ ಬದಲು ಔಷಧಿ ಕೊಡಿಸುತ್ತಿದ್ದರು.

ಒಮ್ಮೆ ನನಗೆ ತಡೆಯಲಾಗಲಿಲ್ಲ. "ಅಲ್ಲ ಮಾರಾಯ್ರೇ, ಬೇಕಾ ಬೇಡ್ವಾ ಅಂತ ಕಾಂತಕ್ಕನನ್ನು ಕೇಳಿದ್ದುಂಟಾ ನೀವು?" ಎಂದೆ.

"ಅವಳು ದಿನಾ ಕೇಳ್ತಾಳೆ, ಹೂ ಬಿಡ್ತಾ, ಕಾಯಿ ಕಚ್ತಾ ಅಂತ" ಎಂದರು. "ಕಾಯ್ತಾ ಇದಾಳೆ ಮೇಡಂ. ಇದೊಂದು ಆಗ್ದೇ ಹೋದ್ರೆ ಅವಳು ಇನ್ನು ಯಾವುದಕ್ಕೂ ಕಾಯಲ್ಲ."

ನಾನು ಹರಿವೆಗೆ ನೀರು ತಿರುಗಿಸಲು ಹೋದೆ.

ಮಾರ್ಚ್ ಮಧ್ಯದ ಒಂದು ಶುಕ್ರವಾರ ಕಾಯಿ ಬಲಿತಿತ್ತು. ಕಾಯಿ ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ದಪ್ಪ, ಹಸಿರು, ಅಂಚಿಗೆ ನೇರಳೆ ಗೆರೆ. ಮೂರ್ತಿಯವರು ಒಂದನ್ನು ಕಿತ್ತು ಮೂಗಿಗೆ ಹಿಡಿದರು. ಮುರಿದು ಇನ್ನೊಮ್ಮೆ ಹಿಡಿದರು. ಮತ್ತೊಂದು ಕಿತ್ತರು. ಕೊನೆಗೆ ಬೇಲಿಯ ಹತ್ತಿರ ಬಂದರು.

"ನನಗೆ ಶೀತ, ಮೂಗು ಕಟ್ಟಿದೆ. ನೀವು ನೋಡಿ ಹೇಳಿ ಮೇಡಂ. ಸೊಗಡು ಇದೆ ಅಲ್ವಾ?"

ಶೀತ ಗೀತ ಏನೂ ಇರಲಿಲ್ಲ. ನಾನು ಕಾಯಿ ಮುರಿದು ಮೂಸಿದೆ. ಉಜ್ಜಿ ಮೂಸಿದೆ. ಆರು ವರ್ಷದ ಹಿಂದೆ ಲಿಫ್ಟಿನಿಂದ ನನ್ನನ್ನು ಓಡಿಸಿದ ಆ ಘಾಟು ಎಲ್ಲಿಯೂ ಇರಲಿಲ್ಲ.

"ಇಲ್ಲ" ಎಂದೆ. "ಒಂಚೂರೂ ಇಲ್ಲ. ಹುಲ್ಲು ಮೂಸಿದ ಹಾಗೆ ಉಂಟು. ಇಷ್ಟು ದಿನ ನನ್ನ ಬಾಟಲಿ ಸವೆಸಿದ್ದೇ ಬಂತು." ಎಂಟನೇ ಪಟ್ಟಿಯವರೂ ತಿರುಗಿ ನೋಡಿದರು, ಅಷ್ಟು ಗಟ್ಟಿಯಾಗಿ ಹೇಳಿದ್ದೆ.

ಅವರು ತಲೆಯಾಡಿಸಿದರು. ಕಿತ್ತ ಕಾಯಿಯನ್ನು ಮತ್ತೆ ಗಿಡಕ್ಕೆ ಅಂಟಿಸುವಂತಿದ್ದರೆ ಅಂಟಿಸುತ್ತಿದ್ದರೇನೋ. ಸ್ವಲ್ಪ ಹೊತ್ತಿನ ಮೇಲೆ ಬುಟ್ಟಿ ತಂದು ಕೀಳಲು ಶುರು ಮಾಡಿದರು. ಯಾಕೆ ಎಂದು ಕೇಳಿದೆ.

"ಇವತ್ತು ತರ್ತೀನಿ ಅಂತ ಹೇಳ್ಬಿಟ್ಟಿದೀನಿ. ನೀವೂ ಬನ್ನಿ" ಎಂದರು. "ಒಬ್ನೇ ಹೋಗಕ್ಕೆ ಆಗಲ್ಲ."

ಹೋಗಬಾರದಿತ್ತು. ಹೋದೆ. ಕಾಂತಾಮಣಿಯವರು ಬಾಗಿಲು ತೆಗೆದೇ ಇಟ್ಟಿದ್ದರು. ತಲೆ ಸ್ನಾನ ಮಾಡಿ, ಒಳ್ಳೆಯ ಸೀರೆಯುಟ್ಟು, ನೆಲಕ್ಕೆ ಪೇಪರು ಹಾಸಿ, ಮೊರ ಇಟ್ಟುಕೊಂಡು ಕುಳಿತಿದ್ದರು. ಮೂರ್ತಿಯವರು ಬೂಟು ಬಿಚ್ಚುವುದನ್ನೂ ಮರೆತು, ನನಗೆ ಮೂಗು ಕಟ್ಟಿದೆ, ನೀನೇ ನೋಡು ಎಂದು ಬುಟ್ಟಿಯನ್ನು ಅವರ ಮುಂದಿಟ್ಟರು. ಅವರು ಒಂದು ಕಾಯಿ ತೆಗೆದು ಬಿಡಿಸಿದರು. ಸಿಪ್ಪೆಯನ್ನು ಬೆರಳುಗಳ ನಡುವೆ ಹೊಸಕಿದರು, ಹೆಬ್ಬೆರಳಿನಿಂದ ತೋರುಬೆರಳನ್ನು ಒಂದೆರಡು ಸಲ ಸವರಿದರು. ಆಮೇಲೆ ಕೈಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿಕೊಂಡರು.

"ಬಂತು ರೀ" ಎಂದರು. "ಸೊಗಡು ಬಂತು. ಘಮ್ ಅಂತಿದೆ."

ಮೂರ್ತಿಯವರು ಹೆಂಡತಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಒಂದು ಕ್ಷಣ ಅಷ್ಟೇ. ಆಮೇಲೆ ಬೂಟಿನ ದಾರ ಬಿಚ್ಚಲು ಬಗ್ಗಿ, "ನಾನು ಹೇಳಿರ್ಲಿಲ್ವಾ" ಎಂದರು. ಆ ದಾರ ಬಿಚ್ಚಲು ಅವರಿಗೆ ತುಂಬ ಹೊತ್ತು ಹಿಡಿಯಿತು. ನಾನು ಅಂಗಡಿ ತೆರೆಯಬೇಕು ಎಂದು ಎದ್ದೆ.

ಕಾಂತಾಮಣಿಯವರು ನನ್ನ ಹಿಂದೆಯೇ ಲಿಫ್ಟಿನವರೆಗೆ ಬಂದರು. ಬಾಗಿಲು ತಾವೇ ಹಿಡಿದುಕೊಂಡರು.

"ಅದ್ರಲ್ಲಿ ಸೊಗಡಿರ್ಲಿಲ್ಲ, ಅಲ್ವಾ ರಾಫಿಯಾ?"

ನಾನು ಅವರ ಮುಖ ನೋಡಿದೆ.

"ನನಗೆ ವಾಸನೆ ಬರಲ್ಲ, ಬೆರಳು ಇದೆಯಲ್ಲ" ಎಂದರು. "ಸೊಗಡಿದ್ರೆ ಕೈಗೆ ಎಣ್ಣೆ ಥರ ಅಂಟುತ್ತೆ, ಸೋಪು ಹಾಕಿದ್ರೂ ಹೋಗಲ್ಲ. ನೋಡಿ, ಒಣಗಿದೆ." ಬೆರಳುಗಳನ್ನು ನನ್ನ ಮುಂದೆ ಬಿಡಿಸಿ ತೋರಿಸಿದರು. "ಪಾಪ, ಅವ್ರಿಗೆ ಮೂಗು ಕಟ್ಟಿದ್ಯಂತೆ, ಗೊತ್ತಾಗಿಲ್ಲ. ಐದಾರು ತಿಂಗಳು ಒದ್ದಾಡಿದಾರೆ. ಸೊಗಡು ಇತ್ತು ಅಂತ್ಲೇ ಇರ್ಲಿ. ನೀವು ಇದ್ದದ್ದು ಇದ್ದ ಹಾಗೆ ಹೇಳೋರು, ಅದಕ್ಕೇ ಕೇಳ್ಕೊಳ್ತಿದೀನಿ. ಇದೊಂದು ಮಾತ್ರ ಅವ್ರಿಗೆ ಹೇಳ್ಬೇಡಿ."

ಹೇಳುವುದಿಲ್ಲ ಕಾಂತಕ್ಕಾ ಎಂದೆ. ಬೆಳಿಗ್ಗೆ ಎಂಟು ಗಂಟೆಗೇ, ಇಡೀ ತೋಟಕ್ಕೆ ಕೇಳಿಸುವಂತೆ, ಹೇಳಿ ಮುಗಿಸಿದ್ದೆ.