ಹಸಿ ಕಾಯಿಯ ಸದ್ದು

ಶಕುನ, ಸತ್ತವರ ಸುಳಿವು, ಇವೆಲ್ಲ ಮಾಡಲು ಕೆಲಸವಿಲ್ಲದವರ ಮಾತು ಎಂದು ನಗುತ್ತಿದ್ದವನು ನಾನು. ತಿಪಟೂರಿನಲ್ಲಿ ಲಾರಿ ರಿಪೇರಿ ಮಾಡುವವನಿಗೆ ಎಂಥ ಸದ್ದಿಗೂ ಕಾರಣ ಸಿಕ್ಕೇ ಸಿಗುತ್ತದೆ. ಸಿಗದಿದ್ದರೆ ಇನ್ನೊಂದು ಬೋಲ್ಟು ಬಿಚ್ಚಬೇಕು, ಅಷ್ಟೇ. ಈಗಲೂ ಹೆಚ್ಚುಕಡಿಮೆ ಹಾಗೇ ಅನ್ನುತ್ತೇನೆ. ಆದರೆ ಎಪ್ಪತ್ತರ ದಶಕದ ಕೊನೆಯ ಆ ಒಂದು ಮಧ್ಯಾಹ್ನದ ಮಾತು ಬಂದರೆ ಮಾತ್ರ ನಗುವುದಿಲ್ಲ.

ನನಗೆ ಕೆಲಸ ಕಲಿಸಿದವರು ಸಿದ್ಲಿಂಗಣ್ಣ ಮೇಸ್ತ್ರಿ. ಮಹಾ ಸಿಡುಕರು, ಆದರೆ ತಮ್ಮ ಬುತ್ತಿಯಲ್ಲಿ ನನಗೆ ಅರ್ಧ ಕೊಡದೆ ಒಂದು ದಿನವೂ ಉಂಡವರಲ್ಲ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಟ್ಟು, ಆಮೇಲೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಒಳಗೆ ಲೊಟಲೊಟ ಅಂದರೆ ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯಾಗಿದೆ ಎಂದು ಅರ್ಥ. ಮೇಸ್ತ್ರಿ ಗೇರ್ ಬಾಕ್ಸನ್ನೂ ಹಾಗೇ ಕೇಳುತ್ತಿದ್ದರು. ಕಬ್ಬಿಣದ ಸಲಾಕೆಯ ಒಂದು ತುದಿ ಬಾಕ್ಸಿಗೆ, ಇನ್ನೊಂದು ತುದಿ ಕಿವಿಗೆ. "ಕಾಯಿ ಲೊಟಲೊಟ ಅಂದ್ರೆ ಸುಲೀಬೋದು ಕಣ್ಲಾ, ಇದು ಹಂಗಂದ್ರೆ ಇನ್ನೊಂದ್ಸಲ ಬಿಚ್ಬೇಕು," ಅನ್ನುತ್ತಿದ್ದರು. ಅವರು ತೀರಿಕೊಂಡು ಆಗಿನ್ನೂ ಒಂದು ತಿಂಗಳೂ ಆಗಿರಲಿಲ್ಲ.

ನನ್ನ ಗೆಳೆಯ ಗಂಗಣ್ಣನದು ಹಳೇ ಡೀಸೆಲ್ ಲಾರಿ. ಅದರ ಮೂರನೇ ಗೇರು ಹಾಕಿದ ಸ್ವಲ್ಪ ಹೊತ್ತಿಗೆ ತಾನಾಗಿಯೇ ಜಾರಿ ನ್ಯೂಟ್ರಲ್ಲಿಗೆ ಬಂದುಬಿಡುತ್ತಿತ್ತು. ಪುಣ್ಯಾತ್ಮ ಅದನ್ನು ರಿಪೇರಿಗೆ ತರುವುದು ಬಿಟ್ಟು, ನಾರಿನ ಹಗ್ಗದಲ್ಲಿ ಗೇರಿನ ಕಡ್ಡಿಯನ್ನು ಸೀಟಿಗೆ ಬಿಗಿದು ಓಡಿಸುತ್ತಿದ್ದ. "ಮೂಗುದಾರ ಹಾಕಿವ್ನಿ, ಎಲ್ಲಿಗೋಯ್ತದೆ ಬುಡು," ಎಂಬ ಜಂಬ ಬೇರೆ. ಅದೇ ಲಾರಿಯಲ್ಲಿ ಮರುದಿನ ನನ್ನ ತಂಗಿಯ ಮದುವೆಗೆ ನಮ್ಮ ಕಡೆಯವರೆಲ್ಲ ಚಿಕ್ಕನಾಯಕನಹಳ್ಳಿ ದಾಟಿ ಕಂದಿಕೆರೆಗೆ ಹೋಗಬೇಕಿತ್ತು. ಮುಂದೆ ಕೂರುವವಳು ಮದುವೆಯ ಹೆಣ್ಣು, ಹಿಂದೆ ಹೆಂಗಸರು, ಮಕ್ಕಳು. ಗುಡ್ಡದ ಇಳಿಜಾರಿನಲ್ಲಿ ಗೇರು ಕೈಕೊಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಹಾಗಾಗಿ ನಾನೇ ಜಗಳವಾಡಿ ಲಾರಿ ತರಿಸಿಕೊಂಡೆ.

ಬೆಳಿಗ್ಗೆಯಿಂದ ಕೂತು ಬಿಚ್ಚಿದೆ. ಗೇರನ್ನು ಹಿಡಿದು ಸರಿಸುವ ಫೋರ್ಕು ಸವೆದು ತೆಳ್ಳಗಾಗಿತ್ತು. ಬೇರೆ ಹಾಕಿ, ಮುಚ್ಚಿ, ಹೊನ್ನವಳ್ಳಿ ರಸ್ತೆಯಲ್ಲಿ ಓಡಿಸಿಕೊಂಡು ಬಂದೆವು. ಹಗ್ಗವಿಲ್ಲದೆಯೇ ಗೇರು ಗಟ್ಟಿಯಾಗಿ ನಿಂತಿತ್ತು. ಒಂದು ಕಾಯಿ ಒಡೆದು ಲಾರಿ ಕಳಿಸುವುದಷ್ಟೇ ಬಾಕಿ. ಗಂಗಣ್ಣ ತೋಟದಿಂದ ತಂದಿದ್ದ ಕಾಯಿಯನ್ನು ಕೈಗೆತ್ತಿಕೊಂಡು, ಏನೋ ಅಭ್ಯಾಸದಿಂದ ಕಿವಿಯ ಹತ್ತಿರ ಅಲ್ಲಾಡಿಸಿದೆ.

ಲೊಟಲೊಟ ಅಂತು.

ನೀರಿನ ಸದ್ದಲ್ಲ. ಈ ಸೀಮೆಯಲ್ಲಿ ಹುಟ್ಟಿದವನಿಗೆ ಆ ಎರಡರ ವ್ಯತ್ಯಾಸ ನಿದ್ದೆಗಣ್ಣಲ್ಲೂ ತಿಳಿಯುತ್ತದೆ.

"ಏನ್ಲಾ ಗಂಗಣ್ಣ, ಒಡೆಯೋಕೆ ಕೊಬ್ರಿ ಕಾಯಿ ತಂದಿದೀಯಲ್ಲ?"

"ನಿಂಗೆಲ್ಲೋ ಭ್ರಮೆ. ಬೆಳಿಗ್ಗೆ ನಾನೇ ಮರದಿಂದ ಕೆಡವಿದ್ದು ಕಣ್ಲಾ," ಎಂದು ಕಿತ್ತುಕೊಂಡು ತಾನೂ ಅಲ್ಲಾಡಿಸಿದ. ಅವನ ಮುಖ ಇಳಿದುಹೋಯಿತು. ಕಾಯಿಯನ್ನು ವಾಪಸ್ಸು ನನ್ನ ಕೈಗಿಟ್ಟ.

ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಲಿಲ್ಲ. ಮೇಸ್ತ್ರಿ ಹಿಂದೆ ನಿಂತು ಬೈದಂತೆ ನಾಚಿಕೆಯಾಯಿತು. ಕಾಯಿಯನ್ನು ಬಾನೆಟ್ಟಿನ ಮೇಲಿಟ್ಟು ಸ್ಪ್ಯಾನರ್ ತೆಗೆದುಕೊಂಡೆ. "ಮನೆ ತುಂಬ ನೆಂಟ್ರವ್ರೆ, ಇನ್ನೊಂದ್ಸಲ ಬಿಚ್ತೀಯಾ?" ಎಂದ ಗಂಗಣ್ಣ, ಆದರೆ ತಡೆಯಲಿಲ್ಲ.

ಮೇಲಿನ ಮುಚ್ಚಳ ಎತ್ತಿದರೆ, ಹೊಸ ಫೋರ್ಕಿನ ಬೋಲ್ಟು ಬೋಳಾಗಿ ನಿಂತಿದೆ. ಅದು ತಿರುಗಿ ಸಡಿಲವಾಗದಂತೆ ತಂತಿ ಬಿಗಿಯಬೇಕು. ಮದುವೆಯ ಗಡಿಬಿಡಿಯಲ್ಲಿ ನಾನು ಮರೆತಿದ್ದೆ. ಅಷ್ಟು ಸಣ್ಣ ಓಡಾಟಕ್ಕೇ ಬೋಲ್ಟು ಎರಡು ಸುತ್ತು ಹೊರಬಂದಿತ್ತು. ಗುಡ್ಡ ತಲುಪುವ ಹೊತ್ತಿಗೆ ಕಳಚಿ ಹಲ್ಲಿನ ಚಕ್ರಗಳ ನಡುವೆ ಬೀಳುತ್ತಿತ್ತೋ ಏನೋ. ತಂಗಿಯ ಮುಖ ಕಣ್ಣಮುಂದೆ ಬಂತು.

ತಂತಿ ಬಿಗಿದು, ಮುಚ್ಚಿ, ಕಾಯಿಯನ್ನು ಮತ್ತೆ ಅಲ್ಲಾಡಿಸಿದೆ. ಗುಳುಕ್ ಎಂದು ಬರೀ ನೀರಿನ ಸದ್ದು. ಒಡೆದರೆ ನೀರು ಮುಖಕ್ಕೆ ಸಿಡಿಯಿತು. ಬೆಳ್ಳನೆಯ ಹಸಿ ತಿರುಳು ಚಿಪ್ಪಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಗಂಗಣ್ಣ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿಯುತ್ತಾ ನಿಂತ.

ಮರುದಿನ ಅವನು ಆ ಮೂಗುದಾರದ ಹಗ್ಗದಲ್ಲೇ ಲಾರಿಯ ಮುಂದೆ ಬಾಳೆಕಂದು ಕಟ್ಟಿ ತಂಗಿಯನ್ನು ಕೂರಿಸಿಕೊಂಡು ಹೋದ. ಮದುವೆ ಚೆನ್ನಾಗಿ ಆಯಿತು.

ನನ್ನ ಮನಸ್ಸಿನ ಅಳುಕೇ ಕಿವಿಗೆ ಹಾಗೆ ಕೇಳಿಸಿತು ಎನ್ನೋಣವೆಂದರೆ, ಗಂಗಣ್ಣನಿಗೆ ಯಾವ ಅಳುಕಿತ್ತು? ಇಷ್ಟು ವರ್ಷ ಯೋಚಿಸಿಯೂ ನನಗೆ ತಿಳಿದಿಲ್ಲ. ಇಂದಿಗೂ ಯಾವ ಗಾಡಿ ಕಳಿಸುವಾಗಲೂ ಕಾಯಿಯನ್ನು ಅಲ್ಲಾಡಿಸಿ ನೋಡಿಯೇ ಒಡೆಯುತ್ತೇನೆ. ನೋಡಿದವರು ನಗುತ್ತಾರೆ. ಆ ಸದ್ದು ಮತ್ತೆ ಬಂದಿಲ್ಲ. ನೀರು ಗುಳುಕ್ ಅಂದರೆ ಕೆಲಸ ಸರಿಯಾಗಿದೆ ಎಂದು ಸಮಾಧಾನವಾಗುತ್ತದೆ. ಆದರೂ ಇನ್ನೊಂದು ಗಳಿಗೆ ಹೆಚ್ಚಾಗಿಯೇ ಕಿವಿಗೆ ಹಿಡಿದಿರುತ್ತೇನೆ, ಮೇಸ್ತ್ರಿ ಒಂದು ಸಲ ಬೈಯಬಾರದೇ ಎಂದು.